ಎರಡನೇ ಸಾಕ್ಷಿ

ಸಾಕ್ಷಿ ಅಂದರೆ ಕೊಲೆಗೋ ಜಮೀನಿಗೋ ಅಂದುಕೊಂಡಿದ್ದೆ.
ಗುಣಕ್ಕೂ ಸಾಕ್ಷಿ ಬೇಕಂತೆ.
ಛಾಪಾಕಾಗದದ ಮೇಲೆ ನೋಟರಿ ಟೈಪು ಮಾಡಿಸಿದ:
ಜಬೀನಾ ಕೋಂ ಅತಾವುಲ್ಲಾ, ಶಿಡ್ಲಘಟ್ಟ,
ಇವರನ್ನು ಹತ್ತೊಂಬತ್ತು ವರ್ಷದಿಂದ ಬಲ್ಲೆ,
ಸನ್ನಡತೆಯುಳ್ಳವರು.
ಕೆಳಗೆ ಮುನಿನಂಜಮ್ಮ, ನನ್ನ ರುಜು.

ಬಲ್ಲೆ ಅನ್ನೋದಕ್ಕೆ ಏನು ಬಲ್ಲೆ?
ಒಂದೇ ಶೆಡ್ಡು, ಪಕ್ಕಪಕ್ಕದ ಬಾಣಲೆ.
ಕುದಿವ ನೀರಲ್ಲಿ ಗೂಡಿನ ಎಳೆ ತಡಕುವಾಗ
ತುದಿ ನನಗಿಂತ ಮೊದಲು ಅವಳಿಗೆ ಸಿಗುತ್ತಿತ್ತು.
ಸಿಟ್ಟು ಬಂದರೆ ಮಾತು ಬಿಡುತ್ತಾಳೆ, ಎಂಟೆಂಟು ದಿನ.
ನನಗೆ ಮೂರು ಸಾವಿರ ಬಾಕಿ.
ಅದನ್ನು ನೋಟರಿಗೆ ಹೇಳಲಿಲ್ಲ.

ಹುಟ್ಟಿದ್ದು ಕರಾಚಿ. ಸೋದರತ್ತೆ ಮಗನಿಗೆ ಕೊಟ್ಟರು.
ಆವತ್ತಿಂದ ವೀಸಾ, ಎಸ್ಪಿ ಆಫೀಸು, ಫೋಟೋ, ಮತ್ತೆ ವೀಸಾ.
ಚಿಂತಾಮಣಿಗೆ, ನಾದಿನಿ ಮದುವೆಗೆ ಹೋಗಲು ಅರ್ಜಿ ಹಾಕಿದಳು;
ಅಪ್ಪಣೆ ಬರೋ ಹೊತ್ತಿಗೆ
ನಾದಿನಿ ಬಾಣಂತಿ.

ಅವಳಮ್ಮ ತೀರಿಕೊಂಡದ್ದು ಫೋನಿನಲ್ಲಿ.
ಲಾಟು ದೊಡ್ಡದಿತ್ತು, ಕೈ ನಿಲ್ಲಿಸಲಿಲ್ಲ.
ಹಬೆ ಹೊಡೀತು ಅಂದಳು, ಕಣ್ಣೊರೆಸಿ.
ಹಬೆಯೇ, ಅಂದೆ ನಾನೂ.

ಚಿಕ್ಕಬಳ್ಳಾಪುರದ ಡಿಸಿ ಆಫೀಸಲ್ಲಿ ವಿಚಾರಣೆ.
ಕನ್ನಡ ಬರುತ್ತಾ ಅಂತ ಪೇಪರು ಮುಂದಿಟ್ಟರು.
ಹೆಡ್ಡಿಂಗು ಬಿಟ್ಟು ಒಳಪುಟ ತೆಗೆದಳು,
ಗೂಡಿನ ಧಾರಣೆ: ಕನಿಷ್ಠ, ಗರಿಷ್ಠ, ಸರಾಸರಿ,
ಒಂದೂ ತಡವರಿಸದೆ. ಆಮೇಲೆ,
'ಇದು ತಪ್ಪು ಸಾರ್,
ನೆನ್ನೆ ನಾವೇ ಇದಕ್ಕಿಂತ ಜಾಸ್ತಿಗೆ ಕೂಗಿದ್ದು.'
ಗುಮಾಸ್ತ ನಕ್ಕ. ಸಾಹೇಬರು ನಗಲಿಲ್ಲ.

ಅಲ್ಲಿ ಯಾರಿದ್ದಾರೆ?
ಅಣ್ಣ.
ಮಾತಾಡ್ತೀರಾ?
ಹಬ್ಬಕ್ಕೆ.
ಏನು ಮಾತಾಡ್ತೀರಿ?
ಸಕ್ಕರೆ ಕಾಯಿಲೆ.

ನನ್ನನ್ನೂ ಕೇಳಿದರು. ಹುಟ್ಟಿದ ದಿನ?
ಗೊತ್ತಿಲ್ಲ ಸಾರ್, ಹುರುಳಿ ಕೊಯ್ಲಿನ ಕಾಲ.
ಮನೆ ಮಾತು? ತೆಲುಗು.
ಜನನಪತ್ರ ಇಲ್ಲದವಳು ನಾನು,
ಅದು ಇದ್ದವಳಿಗೆ ಸಾಕ್ಷಿ.

ಬೆರಳಚ್ಚು ಯಂತ್ರ ಅವಳನ್ನು ಒಪ್ಪಲಿಲ್ಲ.
ಬಿಸಿನೀರು ತಿಂದ ಬೆರಳು, ಗೆರೆ ಎಲ್ಲಿಂದ ತರುತ್ತಾಳೆ?
ಒರೆಸಿ ಇಡಮ್ಮ, ಒತ್ತಿ ಇಡಮ್ಮ, ಆ ಕೈ, ಈ ಕೈ.
ಹನ್ನೊಂದನೇ ಸಲ
ಎಡಗೈ ಉಂಗುರದ ಬೆರಳಿಗೆ ಹಸಿರು ದೀಪ.
ಗುಮಾಸ್ತ ಆಚೆ ಹೋದಾಗ ನನ್ನದೂ ಇಟ್ಟು ನೋಡಿದೆ.
ಕೆಂಪು.

ಹಳೇ ಪಾಸ್‌ಪೋರ್ಟು ಡೆಲ್ಲಿಗೆ ಒಪ್ಪಿಸಿ ಬಂದಳು.
ಆಮೇಲೆ ಹದಿನಾಲ್ಕು ತಿಂಗಳು
ಯಾವ ದೇಶದವಳೂ ಅಲ್ಲ.
ಆ ಹದಿನಾಲ್ಕು ತಿಂಗಳೂ
ನೂಲು ಒಂದೇ ಸಮ ಬಂತು.

ಕರೆ ಬಂದ ಮೇಲೆ ಪ್ರಮಾಣ ಬಾಯಿಪಾಠ,
ಬಾಣಲೆ ಮುಂದೆ, ಬೆಳಗ್ಗೆ ಸಂಜೆ.
'ಸಂವಿಧಾನ' ಸಲೀಸು.
'ಸ್ಥಾಪಿತವಾದ' ಮಾತ್ರ 'ತಾಪಿತ' ಆಗಿಬಿಡೋದು.
ತಾಪ ಇರೋ ಕಡೆ ಕೂತು ಹೇಳಿದರೆ ಇನ್ನೇನಾಗುತ್ತೆ.

ಆ ದಿನ ಸಾಹೇಬರೂ ಎದ್ದು ನಿಂತರು.
ಜಬೀನಾ ಎಂಬ ನಾನು, ಅಂದಳು. ಕಾನೂನಿನ ಮೂಲಕ, ಅಂದಳು.
ನಿಂತುಬಿಟ್ಟಳು.
ಫ್ಯಾನಿನ ಸದ್ದು.
ನನ್ನ ಕಡೆ ನೋಡಿದಳು, ಎಳೆ ಕಡಿದಾಗ ನೋಡೋ ಹಾಗೆ.
ನನ್ನ ತುಟಿ ತಾನಾಗಿ ಹೊರಟಿತು,
ಸ್ಥಾಪಿತವಾದ, ನಿಜವಾದ ಶ್ರದ್ಧೆ, ನಿಷ್ಠೆ,
ಇಬ್ಬರೂ ಒಟ್ಟಿಗೆ ನಡೆದೆವು
ಕರ್ತವ್ಯಗಳನ್ನು ನೆರವೇರಿಸುತ್ತೇನೆ ಅನ್ನೋವರೆಗೂ.
'ಅಮ್ಮಾ, ನೀವು ಹೇಳಬೇಕಾಗಿಲ್ಲ' ಅಂದರು ಸಾಹೇಬರು.

ಅದೂ ನಿಜವೇ.
ಐವತ್ತು ದಾಟಿತು, ಒಬ್ಬರೂ ಕೇಳಿರಲಿಲ್ಲ.

ಆಚೆ ಬಂದು ಸರ್ಟಿಫಿಕೇಟು ಬ್ಲೌಸಿಗೆ ಸಿಕ್ಕಿಸಹೋದಳು,
ಮಡಚಬಾರದು ಅಂತ ಬೈದೆ.
ಚಿಂತಾಮಣಿ ಬಸ್ಸು ನಿಂತಿತ್ತು. ಹತ್ತಿದಳು.
ಅಲ್ಲೇನು ಕೆಲಸ?
ಏನೂ ಇಲ್ಲ.

ಶಿಡ್ಲಘಟ್ಟ ಬಂತು. ಪರಿಚಯದ ಕಂಡಕ್ಟರು,
'ಇಳೀರಮ್ಮ, ನಿಮ್ಮೂರು.'
ಜಬೀನಾ ಕಿಟಕಿ ಕಡೆ ಸರಿದು ಕೂತಳು.
ಮುಂದಕ್ಕೆ ಎರಡು ಟಿಕೀಟು ತಗೊಂಡು
ಮೂರು ಸಾವಿರದಲ್ಲಿ ಹಿಡಕೋ, ಅಂದಳು.